ಎರಡು ಫ್ಲೋಟಿಂಗ್ ಪಾಯಿಂಟ್ ಸಂಖ್ಯೆಗಳನ್ನು ಕರ್ನೆಲ್ ಹೋಲಿಸುವ ಬಗೆ

ಫ್ಲೋಟಿಂಗ್ ಪಾಯಿಂಟ್ ಸಂಖ್ಯೆಗಳ (ಅಂಕೆಗಳು ಮತ್ತು ಒಂದು ಘಾತಾಂಕವಾಗಿ ಕಂಪ್ಯೂಟರ್ ಬರೆದಿಡುವ, ದಶಮಾಂಶ ಭಾಗವೂ ಇರಬಹುದಾದ ಸಂಖ್ಯೆಗಳ) ಮೇಲೆ ನಡೆಸುವ ಕ್ರಿಯೆಗಳಲ್ಲಿ ಹೋಲಿಕೆಯೇ ಅತ್ಯಂತ ಸುಲಭವಾದದ್ದೆಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಕೂಡುವಾಗ ಎರಡೂ ಸಂಖ್ಯೆಗಳ ಘಾತಾಂಕಗಳನ್ನು ಒಂದೇ ಮಟ್ಟಕ್ಕೆ ತರಬೇಕು, ಗುಣಿಸುವಾಗ ಎರಡರಷ್ಟು ಉದ್ದದ ಗುಣಲಬ್ಧವನ್ನು ಹಿಡಿದಿಟ್ಟುಕೊಳ್ಳಬೇಕು, ಭಾಗಿಸುವಾಗ ಮುಗಿಯದ ಭಾಗಲಬ್ಧವನ್ನು ಎಲ್ಲೋ ಒಂದು ಕಡೆ ನಿಲ್ಲಿಸಬೇಕು, ಮತ್ತು ಈ ಮೂರರಲ್ಲೂ ಕೊನೆಗೆ ಬಂದ ಉತ್ತರವನ್ನು ಇರುವಷ್ಟು ಬಿಟ್‌ಗಳಿಗೆ ಹೊಂದುವಂತೆ ರೌಂಡ್ ಮಾಡಬೇಕು. ಹೋಲಿಕೆಯಲ್ಲಿ ಹೊಸ ಸಂಖ್ಯೆಯೇ ಹುಟ್ಟುವುದಿಲ್ಲ. ಇರುವ ಎರಡರಲ್ಲಿ ಯಾವುದು ದೊಡ್ಡದೆಂದು ಹೇಳಿದರೆ ಸಾಕು. ಆದರೆ ಪ್ರೊಸೆಸರ್ ಮಾಡಬೇಕಾದ ಈ ಕೆಲಸವನ್ನು ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನೆಲ್ ತಾನೇ ಮಾಡಬೇಕಾಗಿ ಬಂದಾಗ, ದೊಡ್ಡದು ಚಿಕ್ಕದನ್ನು ಗುರುತಿಸುವ ಭಾಗವು ಕೆಲವೇ ಸಾಲುಗಳಲ್ಲಿ ಮುಗಿದುಹೋಗಿ, ಶ್ರಮವೆಲ್ಲ ಬೇರೆ ಕಡೆ ಬೀಳುತ್ತದೆ: ಹೋಲಿಕೆಗೇ ಸಿಗದ ಬೆಲೆಗಳು ಬಂದಾಗ ಏನು ಹೇಳಬೇಕು, ಯಾವಾಗ ದೋಷದ ಗುರುತನ್ನು ಎತ್ತಬೇಕು, ಸಿಕ್ಕ ಉತ್ತರವನ್ನು ಎಲ್ಲಿ ಬರೆದಿಡಬೇಕು. ಲಿನಕ್ಸ್ ಕರ್ನೆಲ್‌ನಲ್ಲಿ ಮಿಪ್ಸ್ ಎಂಬ ಪ್ರೊಸೆಸರ್ ವಿನ್ಯಾಸಕ್ಕಾಗಿ ಇರುವ ಎಮ್ಯುಲೇಟರ್ (ಚಿಪ್‌ನ ಕೆಲಸವನ್ನು ಅನುಕರಿಸುವ ಕೋಡ್) ಅನ್ನು ಮುಖ್ಯವಾಗಿ ಎದುರಿಗಿಟ್ಟುಕೊಂಡು, ಬೇಕಾದಲ್ಲಿ ಇತರ ಪ್ರೊಸೆಸರ್‌ಗಳ ಎಮ್ಯುಲೇಟರ್‌ಗಳನ್ನೂ ನೋಡುತ್ತ, ಈ ಲೇಖನವು ಆ ಶ್ರಮವನ್ನು ವಿವರಿಸುತ್ತದೆ.

ಕರ್ನೆಲ್‌ಗೆ ಈ ಕೆಲಸ ಏಕೆ ಬರುತ್ತದೆ ಎಂಬುದು ಮೊದಲು ಸ್ಪಷ್ಟವಾಗಬೇಕು. ಇಂಟೆಲ್‌ನ 386 ಪ್ರೊಸೆಸರ್‌ನಲ್ಲಿ ಫ್ಲೋಟಿಂಗ್ ಪಾಯಿಂಟ್ ಘಟಕವಿರಲಿಲ್ಲ. ಬೇಕಾದವರು 387 ಎಂಬ ಪ್ರತ್ಯೇಕ ಚಿಪ್ ಕೊಂಡು ಪಕ್ಕದಲ್ಲಿ ಕೂರಿಸಬೇಕಿತ್ತು. 486ರಲ್ಲಿ ಆ ಘಟಕ ಒಳಗೇ ಬಂದರೂ, 1991ರಲ್ಲಿ ಬಂದ ಅಗ್ಗದ 486ಎಸ್ಎಕ್ಸ್‌ನಲ್ಲಿ ಅದು ದೊರೆಯುತ್ತಿರಲಿಲ್ಲ. ಮನೆಗಳಲ್ಲಿ ಬಳಸುವ ವೈಫೈ ರೌಟರ್‌ಗಳಲ್ಲಿ ಬಹುಕಾಲ ಕಾಣಿಸಿಕೊಂಡ ಮಿಪ್ಸ್ 24ಕೆಸಿ ಕೋರ್‌ನಲ್ಲೂ ಫ್ಲೋಟಿಂಗ್ ಪಾಯಿಂಟ್ ಘಟಕವಿಲ್ಲ. ಇಂಥ ಯಂತ್ರದ ಮೇಲೆ ಫ್ಲೋಟಿಂಗ್ ಪಾಯಿಂಟ್ ಸೂಚನೆಗಳನ್ನು ಬಳಸಿ ಕಂಪೈಲ್ ಮಾಡಿದ ಪ್ರೋಗ್ರಾಮ್ ಓಡಿಸಿದಾಗ, ಪ್ರೊಸೆಸರ್ ತನಗೆ ತಿಳಿಯದ ಸೂಚನೆ ಎದುರಾಯಿತೆಂದು ನಿಂತು, ನಿಯಂತ್ರಣವನ್ನು ಕರ್ನೆಲ್‌ಗೆ ಒಪ್ಪಿಸುತ್ತದೆ. ಈ ಒಪ್ಪಿಸುವಿಕೆಗೆ ಟ್ರ್ಯಾಪ್ ಎನ್ನುತ್ತಾರೆ. ಕರ್ನೆಲ್ ಆ ಸೂಚನೆಯನ್ನು ಓದಿ, ಅರ್ಥಮಾಡಿಕೊಂಡು, ಪೂರ್ಣಾಂಕಗಳ ಲೆಕ್ಕದಿಂದಲೇ ಅದರ ಫಲವನ್ನು ಸಿದ್ಧಪಡಿಸಿ, ಪ್ರೋಗ್ರಾಮನ್ನು ಮುಂದಿನ ಸೂಚನೆಯಿಂದ ಓಡಲು ಬಿಡುತ್ತದೆ. ನಡುವೆ ಏನಾಯಿತೆಂಬುದು ಪ್ರೋಗ್ರಾಮಿಗೆ ತಿಳಿಯಲೇಕೂಡದು, ಮತ್ತು ಒಂದು ಬಿಟ್‌ನಷ್ಟೂ ವ್ಯತ್ಯಾಸವಾಗಕೂಡದು.

ಘಟಕವಿರುವ ಯಂತ್ರಗಳಲ್ಲೂ ಈ ಕೆಲಸ ಪೂರ್ತಿ ತಪ್ಪುವುದಿಲ್ಲ ಎಂಬುದನ್ನು ಅನೇಕರು ಗಮನಿಸಿರುವುದಿಲ್ಲ. ಮಿಪ್ಸ್ ವಿನ್ಯಾಸವು ಅಪರೂಪದ, ಆದರೆ ತುಂಬ ಸರ್ಕ್ಯೂಟ್ ಬೇಡುವ ಸಂದರ್ಭಗಳನ್ನು ಹಾರ್ಡ್‌ವೇರ್ ಕೈಬಿಡಲು ಅವಕಾಶ ಕೊಡುತ್ತದೆ. ಸೊನ್ನೆಗೆ ಅತಿ ಸಮೀಪದ ಡಿನಾರ್ಮಲ್ ಸಂಖ್ಯೆಗಳು ಬಂದಾಗ ಚಿಪ್ ತನ್ನ ಸ್ಥಿತಿ ರಿಜಿಸ್ಟರ್‌ನಲ್ಲಿ (ರಿಜಿಸ್ಟರ್ ಎಂದರೆ ಚಿಪ್‌ನೊಳಗೆ ಬೆಲೆಯೊಂದನ್ನು ಇಡುವ ಜಾಗ) "ಇದನ್ನು ನಾನು ಮಾಡಲಾರೆ" ಎಂಬ ಅರ್ಥದ ಒಂದು ಬಿಟ್ ಎತ್ತಿ ಟ್ರ್ಯಾಪ್ ಮಾಡಬಹುದು. ಆಗ ಕರ್ನೆಲ್ ಚಿಪ್‌ನ ಫ್ಲೋಟಿಂಗ್ ಪಾಯಿಂಟ್ ರಿಜಿಸ್ಟರ್‌ಗಳನ್ನೆಲ್ಲ ಮೆಮೊರಿಗೆ ಇಳಿಸಿಕೊಂಡು, ಅದೇ ಎಮ್ಯುಲೇಟರ್ ಓಡಿಸಿ, ಮತ್ತೆ ರಿಜಿಸ್ಟರ್‌ಗಳನ್ನು ತುಂಬಿ ಹಿಂದಿರುಗುತ್ತದೆ. ಆದ್ದರಿಂದಲೇ ಮಿಪ್ಸ್ ಲಿನಕ್ಸ್‌ನಲ್ಲಿ ಎಮ್ಯುಲೇಟರ್ ಎಂಬುದು ಹಳೆಯ ಯಂತ್ರಗಳಿಗಾಗಿ ಉಳಿಸಿಕೊಂಡ ಅವಶೇಷವಾಗಿರದೆ, ಫ್ಲೋಟಿಂಗ್ ಪಾಯಿಂಟ್ ವ್ಯವಸ್ಥೆಯ ಅವಿಭಾಜ್ಯ ಅಂಗವಾಗಿತ್ತು.

ಈಗ ಹೋಲಿಕೆಯ ತಿರುಳಿಗೆ ಬರೋಣ. ವಿಲಿಯಂ ಕಹಾನ್ ಅವರ ಮುಂದಾಳುತನದಲ್ಲಿ ರೂಪುಗೊಂಡು 1985ರಲ್ಲಿ ಪ್ರಕಟವಾದ ಐಇಇಇ 754 ಮಾನಕದ ಪ್ರಕಾರ, 32 ಬಿಟ್‌ಗಳ ಒಂದು ಸಂಖ್ಯೆಯಲ್ಲಿ ಮೇಲಿನ ಒಂದು ಬಿಟ್ ಚಿಹ್ನೆಗೆ, ನಂತರದ 8 ಬಿಟ್ ಘಾತಾಂಕಕ್ಕೆ, ಉಳಿದ 23 ಬಿಟ್ ಭಿನ್ನಭಾಗಕ್ಕೆ ಮೀಸಲು. 64 ಬಿಟ್‌ಗಳ ಸಂಖ್ಯೆಯಲ್ಲಿ ಈ ಹಂಚಿಕೆ 1, 11, 52. ಘಾತಾಂಕವನ್ನು ಋಣವಾಗದಂತೆ ಒಂದು ನಿಶ್ಚಿತ ಮೊತ್ತ ಸೇರಿಸಿ ಬರೆದಿಡುತ್ತಾರೆ. 32 ಬಿಟ್‌ಗಳ ರೂಪದಲ್ಲಿ ಆ ಮೊತ್ತ 127. ಘಾತಾಂಕವು ಭಿನ್ನಭಾಗಕ್ಕಿಂತ ಮೇಲಿನ ಸ್ಥಾನದಲ್ಲಿರುವುದರಿಂದ ಮತ್ತು ಅದು ಎಂದೂ ಋಣವಾಗದಿರುವುದರಿಂದ, ಎರಡು ಧನ ಸಂಖ್ಯೆಗಳ ಬಿಟ್‌ಗಳನ್ನು ಬರಿಯ ಪೂರ್ಣಾಂಕಗಳೆಂದು ಓದಿ ಹೋಲಿಸಿದರೂ ಸರಿಯಾದ ಉತ್ತರವೇ ಬರುತ್ತದೆ. 1.5ರ ಬಿಟ್‌ಗಳನ್ನು ಪೂರ್ಣಾಂಕವಾಗಿ ಓದಿದರೆ 106,95,47,520, 2.0ರದು 107,37,41,824. ಮೊದಲನೆಯದು ಚಿಕ್ಕದು, ನಿಜವಾಗಿಯೂ ಚಿಕ್ಕದೇ. ಈ ಗುಣ ಆಕಸ್ಮಿಕವಾಗಿ ಬಂದದ್ದಲ್ಲ. ಬಿಟ್‌ಗಳನ್ನು ಈ ಕ್ರಮದಲ್ಲಿ ಜೋಡಿಸಿದ್ದರ ಫಲ ಅದು, ಮತ್ತು ಎಮ್ಯುಲೇಟರ್ ಬರೆಯುವವರಿಗೆ ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

ಋಣ ಸಂಖ್ಯೆಗಳಲ್ಲಿ ಈ ಗುಣ ತಿರುವುಮುರುವಾಗುತ್ತದೆ. ಪೂರ್ಣಾಂಕಗಳಲ್ಲಿ ಋಣವನ್ನು ಎರಡರ ಪೂರಕ ಪದ್ಧತಿಯಲ್ಲಿ, ಅಂದರೆ ಎಲ್ಲ ಬಿಟ್‌ಗಳನ್ನೂ ಮಗುಚಿ 1 ಕೂಡಿಸಿ, ಬರೆಯುತ್ತಾರೆ, ಆದರೆ ಫ್ಲೋಟಿಂಗ್ ಪಾಯಿಂಟ್‌ನಲ್ಲಿ ಪರಿಮಾಣವನ್ನು ಹಾಗೆಯೇ ಬಿಟ್ಟು ಮೇಲಿನ ಒಂದು ಬಿಟ್ ಮಾತ್ರ ಬದಲಿಸುತ್ತಾರೆ. ಹೀಗಾಗಿ -1.5ರ ಬಿಟ್‌ಗಳು ಚಿಹ್ನೆಯುಳ್ಳ ಪೂರ್ಣಾಂಕವಾಗಿ -107,79,36,128 ಎಂದೂ, -2.0ರ ಬಿಟ್‌ಗಳು -107,37,41,824 ಎಂದೂ ಕಾಣುತ್ತವೆ, ಅಂದರೆ -1.5 ಚಿಕ್ಕದೆಂಬ ತಪ್ಪು ಉತ್ತರ ಬರುತ್ತದೆ. ಮಿಪ್ಸ್ ಎಮ್ಯುಲೇಟರ್ ಇದನ್ನು ಒಂದೇ ಸಾಲಿನಲ್ಲಿ ಸರಿಪಡಿಸುತ್ತದೆ: ಓದಿದ ಪೂರ್ಣಾಂಕ ಋಣವಾಗಿದ್ದರೆ ಅದರ ಚಿಹ್ನೆಯನ್ನು ತಿರುಗಿಸಿ, ಬಂದ ಬೆಲೆಯ ಮೇಲಿನ ಬಿಟ್ ಅನ್ನು ಮಗುಚುತ್ತದೆ. -1.5ಕ್ಕೆ ಹೀಗೆ ಮಾಡಿದಾಗ -106,95,47,520 ಸಿಗುತ್ತದೆ, -2.0ಕ್ಕೆ ಮಾಡಿದಾಗ -107,37,41,824 ಸಿಗುತ್ತದೆ, ಮತ್ತು ಇವೆರಡರ ಕ್ರಮ ಈಗ ಸರಿಯಾಗಿದೆ.

ಈ ಒಂದು ಸಾಲಿನಲ್ಲಿ ಇನ್ನೊಂದು ಸಮಸ್ಯೆಯೂ ಸದ್ದಿಲ್ಲದೆ ಪರಿಹಾರವಾಗುತ್ತದೆ. ಫ್ಲೋಟಿಂಗ್ ಪಾಯಿಂಟ್‌ನಲ್ಲಿ ಧನ ಸೊನ್ನೆ ಮತ್ತು ಋಣ ಸೊನ್ನೆ ಎಂದು ಎರಡು ಸೊನ್ನೆಗಳಿವೆ, ಅವುಗಳ ಬಿಟ್‌ಗಳು ಬೇರೆ ಬೇರೆ, ಆದರೆ ಹೋಲಿಸಿದಾಗ ಅವು ಸಮವೆಂದೇ ಹೇಳಬೇಕೆಂದು ಮಾನಕ ವಿಧಿಸುತ್ತದೆ. ಋಣ ಸೊನ್ನೆಯೆಂದರೆ ಮೇಲಿನ ಬಿಟ್ ಮಾತ್ರ 1, ಉಳಿದೆಲ್ಲ 0. ಎರಡರ ಪೂರಕ ಪದ್ಧತಿಯಲ್ಲಿ ಅದು ಅತಿ ಚಿಕ್ಕ ಪೂರ್ಣಾಂಕ, ಮತ್ತು ಅದರ ಚಿಹ್ನೆ ತಿರುಗಿಸಿದರೆ ಮತ್ತೆ ಅದೇ ಬೆಲೆ ಬರುತ್ತದೆ. ಮೇಲಿನ ಬಿಟ್ ಮಗುಚಿದೊಡನೆ ಅದು ಅಪ್ಪಟ ಸೊನ್ನೆಯಾಗುತ್ತದೆ. ಪ್ರತ್ಯೇಕ ಪರೀಕ್ಷೆಯಿಲ್ಲದೆ ಎರಡೂ ಸೊನ್ನೆಗಳು ಒಂದಾದವು. ಎಆರ್‌ಎಂ ಪ್ರೊಸೆಸರ್‌ಗಳ ವಿಎಫ್‌ಪಿ ಎಂಬ ಫ್ಲೋಟಿಂಗ್ ಪಾಯಿಂಟ್ ಘಟಕಕ್ಕೆ ಬೆಂಬಲವಾಗಿ ಬರೆದ ಕರ್ನೆಲ್ ಕೋಡ್ ಇದೇ ಕೆಲಸವನ್ನು ಬಿಡಿಸಿ ಮಾಡುತ್ತದೆ: ಎರಡೂ ಒಂದೇ ಬಿಟ್‌ಗಳೇ ಎಂದು ನೋಡುತ್ತದೆ, ಇಲ್ಲವೆ ಎರಡರ ಬಿಟ್‌ಗಳನ್ನೂ ಬೆರೆಸಿ (ಯಾವುದಾದರೂ ಒಂದರಲ್ಲಿ 1 ಇದ್ದ ಕಡೆ 1) ಚಿಹ್ನೆ ತೆಗೆದಾಗ ಸೊನ್ನೆ ಉಳಿಯುತ್ತದೆಯೇ ಎಂದು ನೋಡುತ್ತದೆ, ಅದೂ ಅಲ್ಲದಿದ್ದರೆ ಚಿಹ್ನೆಗಳನ್ನು ಹೋಲಿಸುತ್ತದೆ, ಆಮೇಲಷ್ಟೇ ಪರಿಮಾಣಕ್ಕೆ ಬರುತ್ತದೆ. ಓದುವವರಿಗೆ ಎರಡನೆಯ ದಾರಿ ಸುಲಭ. ಮೊದಲನೆಯದನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡಿದ ಮೇಲೆ ಮರೆಯುವುದು ಕಷ್ಟ.

ಒಂದರಿಂದ ಇನ್ನೊಂದನ್ನು ಕಳೆದು, ಉಳಿದದ್ದರ ಚಿಹ್ನೆ ನೋಡಿದರೆ ಆಗದೇ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಆಗುವುದಿಲ್ಲ. ಅನಂತದಿಂದ ಅನಂತವನ್ನು ಕಳೆದರೆ ಸಂಖ್ಯೆಯೇ ಅಲ್ಲದ ಬೆಲೆ ಬರುತ್ತದೆ, ಆದರೆ ಎರಡು ಧನ ಅನಂತಗಳನ್ನು ಹೋಲಿಸಿದಾಗ ಅವು ಸಮ. ಕಳೆಯುವ ಕ್ರಿಯೆ ರೌಂಡ್ ಮಾಡಬಹುದು, ಮಾಡಿದಾಗ "ಉತ್ತರ ನಿಖರವಲ್ಲ" ಎಂಬ ಗುರುತನ್ನು ಎತ್ತುತ್ತದೆ. ಹೋಲಿಕೆಯು ಆ ಗುರುತನ್ನು ಎಂದಿಗೂ ಎತ್ತಕೂಡದು. ಹೋಲಿಕೆ ಯಾವಾಗಲೂ ನಿಖರವೇ. 0.1 ಮತ್ತು 0.2ನ್ನು ಕೂಡಿದ್ದು 0.3ಕ್ಕೆ ಸಮವಲ್ಲ ಎಂದು ಕಂಪ್ಯೂಟರ್ ಹೇಳಿದಾಗ ದೂರು ಹೋಲಿಕೆಯ ಮೇಲೆ ಬರುವುದುಂಟು, ಆದರೆ 64 ಬಿಟ್‌ಗಳ ರೂಪದಲ್ಲಿ ಆ ಎರಡು ಬೆಲೆಗಳು ಕೊನೆಯ ಸ್ಥಾನದಲ್ಲಿ ನಿಜವಾಗಿಯೂ ಬೇರೆಯಾಗಿವೆ. ವ್ಯತ್ಯಾಸ ನುಸುಳಿದ್ದು ದಶಮಾಂಶವನ್ನು ದ್ವಿಮಾನಕ್ಕೆ ತರುವಾಗ ಮತ್ತು ಕೂಡುವಾಗ. ಹೋಲಿಕೆ ತನ್ನ ಕೈಗೆ ಬಂದದ್ದನ್ನು ಇದ್ದಂತೆ ವರದಿ ಮಾಡಿದೆ.

ಇಲ್ಲಿಯವರೆಗಿನದು ನೇರ ದಾರಿ. ಕಷ್ಟ ಶುರುವಾಗುವುದು ನ್ಯಾನ್ ಎಂದು ಕರೆಯುವ, ಸಂಖ್ಯೆಯಲ್ಲದ ಬೆಲೆ ಬಂದಾಗ. ಘಾತಾಂಕದ ಬಿಟ್‌ಗಳೆಲ್ಲ 1 ಆಗಿದ್ದು, ಭಿನ್ನಭಾಗ ಸೊನ್ನೆಯಲ್ಲದಿದ್ದರೆ ಅದು ನ್ಯಾನ್. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದಾಗ, ಋಣ ಸಂಖ್ಯೆಯ ವರ್ಗಮೂಲ ಕೇಳಿದಾಗ ಅದು ಹುಟ್ಟುತ್ತದೆ. ನ್ಯಾನ್ ಯಾವ ಸಂಖ್ಯೆಗಿಂತಲೂ ದೊಡ್ಡದಲ್ಲ, ಚಿಕ್ಕದಲ್ಲ, ಯಾವುದಕ್ಕೂ ಸಮವಲ್ಲ, ತನಗೆ ತಾನೇ ಸಮವಲ್ಲ. ಹೀಗಾಗಿ ಶಾಲೆಯಲ್ಲಿ ಕಲಿತ ಮೂರು ಸಂಬಂಧಗಳ ಜೊತೆಗೆ ನಾಲ್ಕನೆಯದೊಂದು ಸೇರಿಕೊಳ್ಳುತ್ತದೆ. ಮಾನಕವು ಅದನ್ನು ಅನ್‌ಆರ್ಡರ್ಡ್ ಎನ್ನುತ್ತದೆ, ಅಂದರೆ ಇವೆರಡರ ನಡುವೆ ಯಾವ ಕ್ರಮವೂ ಇಲ್ಲ. ಈ ನಾಲ್ಕನೆಯ ಸಂಬಂಧ ಇರುವುದರಿಂದ "ಚಿಕ್ಕದಲ್ಲ" ಎಂಬುದೂ "ದೊಡ್ಡದು ಅಥವಾ ಸಮ" ಎಂಬುದೂ ಒಂದೇ ಆಗಿ ಉಳಿಯುವುದಿಲ್ಲ. ನ್ಯಾನ್ ಇದ್ದಾಗ ಮೊದಲನೆಯದು ನಿಜ, ಎರಡನೆಯದು ಸುಳ್ಳು. ಪೂರ್ಣಾಂಕಗಳಿಗೆ ಒಗ್ಗಿದ ಮನಸ್ಸು ಬರೆಯುವ ಬಹುಪಾಲು ತಪ್ಪುಗಳು ಈ ಜಾಗದಲ್ಲೇ ಅಡಗಿರುತ್ತವೆ.

ಮಿಪ್ಸ್‌ನ ಹೋಲಿಕೆ ಸೂಚನೆ ಈ ನಾಲ್ಕು ಸಂಬಂಧಗಳನ್ನು ಎಷ್ಟು ಅಚ್ಚುಕಟ್ಟಾಗಿ ಹಿಡಿದಿಟ್ಟಿದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಸೂಚನೆಯ ಕೊನೆಯ ನಾಲ್ಕು ಬಿಟ್‌ಗಳಲ್ಲಿ "ಏನನ್ನು ಕೇಳುತ್ತಿದ್ದೇವೆ" ಎಂಬುದು ಬರೆದಿರುತ್ತದೆ. ಎಲ್ಲಕ್ಕಿಂತ ಕೆಳಗಿನ ಬಿಟ್ 1 ಆಗಿದ್ದರೆ, ಕ್ರಮವಿಲ್ಲದ ಸಂದರ್ಭದಲ್ಲಿ ಉತ್ತರ ನಿಜ. ಅದರ ಮೇಲಿನದು 1 ಆಗಿದ್ದರೆ, ಸಮವಾಗಿದ್ದಾಗ ನಿಜ. ಮೂರನೆಯದು 1 ಆಗಿದ್ದರೆ, ಚಿಕ್ಕದಾಗಿದ್ದಾಗ ನಿಜ. ಹೀಗೆ ಮೂರು ಬಿಟ್‌ಗಳಿಂದ ಎಂಟು ಪ್ರಶ್ನೆಗಳು ದೊರೆಯುತ್ತವೆ: ಎಂದೂ ನಿಜವಾಗದ್ದು, ಕ್ರಮವಿಲ್ಲದ್ದು, ಸಮ, ಸಮ ಅಥವಾ ಕ್ರಮವಿಲ್ಲದ್ದು, ಚಿಕ್ಕದು, ಹೀಗೆ. "ದೊಡ್ಡದು" ಎಂಬುದಕ್ಕೆ ಬಿಟ್ ಇಲ್ಲ, ಏಕೆಂದರೆ ಎರಡು ರಿಜಿಸ್ಟರ್‌ಗಳ ಸ್ಥಾನ ಅದಲುಬದಲು ಮಾಡಿದರೆ ಅದು "ಚಿಕ್ಕದು" ಆಗುತ್ತದೆ, ಅಥವಾ "ಚಿಕ್ಕದು, ಸಮ, ಇಲ್ಲವೆ ಕ್ರಮವಿಲ್ಲದ್ದು" ಎಂದು ಕೇಳಿ ಉತ್ತರ ಸುಳ್ಳಾದಾಗ ಕವಲೊಡೆದರೂ (ಪ್ರೋಗ್ರಾಮಿನ ಬೇರೆ ಜಾಗಕ್ಕೆ ಜಿಗಿದರೂ) ಅದೇ ಸಿಗುತ್ತದೆ. ಎಮ್ಯುಲೇಟರ್‌ನಲ್ಲಿ ಎಂಟು ನಮೂದುಗಳ ಒಂದು ಪುಟ್ಟ ಕೋಷ್ಟಕವಿದೆ. ಸೂಚನೆಯ ಮೂರು ಬಿಟ್‌ಗಳಿಂದ ಅದರೊಳಗೆ ಹೊಕ್ಕು, ಯಾವ ಯಾವ ಸಂಬಂಧಗಳಿಗೆ "ನಿಜ" ಎನ್ನಬೇಕೆಂಬ ಪಟ್ಟಿಯನ್ನು ಪಡೆದು, ಅದನ್ನು ಹೋಲಿಕೆ ಮಾಡುವ ಫಂಕ್ಷನ್‌ಗೆ ಕೊಡುತ್ತಾರೆ. ಫಂಕ್ಷನ್ ತಾನು ಕಂಡ ಸಂಬಂಧ ಆ ಪಟ್ಟಿಯಲ್ಲಿದೆಯೇ ಎಂದಷ್ಟೇ ಹೇಳುತ್ತದೆ. ಒಂದೇ ಫಂಕ್ಷನ್‌ನಿಂದ ಎಲ್ಲ ಪ್ರಶ್ನೆಗಳಿಗೂ ಉತ್ತರ ಸಿಗುವ ಈ ಕ್ರಮ ನನಗೆ ಬಹಳ ಮೆಚ್ಚಿಗೆಯಾದದ್ದು. ಪ್ರತಿಯೊಂದು ಪ್ರಶ್ನೆಗೂ ಬೇರೆ ಬೇರೆ ಕೋಡ್ ಬರೆದಿದ್ದರೆ ಯಾವುದಾದರೂ ಒಂದರಲ್ಲಿ ನ್ಯಾನ್ ಮರೆತುಹೋಗುವ ಸಾಧ್ಯತೆ ಇದ್ದೇ ಇರುತ್ತಿತ್ತು.

ನಾಲ್ಕನೆಯ ಬಿಟ್‌ನ ಕೆಲಸ ಬೇರೆ. ಅದು ಉತ್ತರವನ್ನು ಬದಲಿಸುವುದಿಲ್ಲ. ನ್ಯಾನ್ ಕಂಡಾಗ ದೂರು ಕೊಡಬೇಕೇ ಬೇಡವೇ ಎಂಬುದನ್ನು ಹೇಳುತ್ತದೆ. ನ್ಯಾನ್‌ಗಳಲ್ಲಿ ಎರಡು ಬಗೆ. ಸಿಗ್ನಲಿಂಗ್ ನ್ಯಾನ್ ಅನ್ನು ಮುಟ್ಟಿದರೆ ಯಾವ ಹೋಲಿಕೆಯಾದರೂ ಅಸಿಂಧು ಕ್ರಿಯೆಯ ಗುರುತನ್ನು ಎತ್ತಲೇಬೇಕು. ಕ್ವೈಟ್ ನ್ಯಾನ್ ವಿಷಯದಲ್ಲಿ ಅದು ಪ್ರಶ್ನೆಯನ್ನು ಅವಲಂಬಿಸಿದೆ. ಸಿ ಭಾಷೆಯಲ್ಲಿ ಸಮವೇ, ಸಮವಲ್ಲವೇ ಎಂದು ಕೇಳುವಾಗ ಕ್ವೈಟ್ ನ್ಯಾನ್ ಬಂದರೆ ಗುರುತು ಏಳುವುದಿಲ್ಲ, ಆದರೆ ಚಿಕ್ಕದೇ, ದೊಡ್ಡದೇ ಎಂದು ಕೇಳುವಾಗ ಬಂದರೆ ಏಳುತ್ತದೆ. ಕ್ರಮದ ಬಗ್ಗೆ ಕೇಳುವ ಪ್ರೋಗ್ರಾಮರ್ ನ್ಯಾನ್ ಬರಬಹುದೆಂದು ಯೋಚಿಸಿರಲಾರ, ಆದ್ದರಿಂದ ಅವನಿಗೆ ತಿಳಿಸುವುದು ಒಳ್ಳೆಯದು ಎಂಬುದು ಈ ನಿಯಮದ ಹಿಂದಿನ ಆಲೋಚನೆ. ಮಿಪ್ಸ್‌ನಲ್ಲಿ ನಾಲ್ಕನೆಯ ಬಿಟ್ ಸೇರಿ ಎಂಟು ಪ್ರಶ್ನೆಗಳು ಹದಿನಾರಾಗುತ್ತವೆ; ಪವರ್‌ಪಿಸಿಯಲ್ಲಿ ಇದೇ ಭೇದಕ್ಕೆ ಎರಡು ಬೇರೆ ಸೂಚನೆಗಳಿವೆ; ಇಂಟೆಲ್‌ನಲ್ಲಿ ದೂರು ಕೊಡದ ಹೋಲಿಕೆ ಬಂದದ್ದು 387ರೊಂದಿಗೆ, ಏಕೆಂದರೆ 1980ರ 8087 ಚಿಪ್ ಮಾನಕ ಅಂತಿಮವಾಗುವ ಮೊದಲೇ ಹೊರಬಂದಿತ್ತು.

ಸಿಗ್ನಲಿಂಗ್ ಮತ್ತು ಕ್ವೈಟ್ ನ್ಯಾನ್‌ಗಳನ್ನು ಬೇರ್ಪಡಿಸುವುದು ಭಿನ್ನಭಾಗದ ಮೊದಲ ಬಿಟ್. 1985ರ ಮಾನಕ ಆ ಬಿಟ್ ಹೇಗಿರಬೇಕೆಂದು ಕಟ್ಟುಮಾಡಲಿಲ್ಲ. ಇಂಟೆಲ್ 1 ಎಂದರೆ ಕ್ವೈಟ್ ಎಂದಿತು, ಹಳೆಯ ಮಿಪ್ಸ್ 1 ಎಂದರೆ ಸಿಗ್ನಲಿಂಗ್ ಎಂದಿತು. 2008ರ ಪರಿಷ್ಕರಣೆ ಇಂಟೆಲ್‌ನ ದಾರಿಯನ್ನೇ ಎತ್ತಿಹಿಡಿಯಿತು, ಆದರೆ ಆ ವೇಳೆಗೆ ಹಳೆಯ ಪದ್ಧತಿಯ ಮಿಪ್ಸ್ ಪ್ರೋಗ್ರಾಮ್‌ಗಳು ಎಲ್ಲೆಡೆ ಇದ್ದವು. ಅದಕ್ಕಾಗಿ ಮಿಪ್ಸ್‌ನ ಸ್ಥಿತಿ ರಿಜಿಸ್ಟರ್‌ನಲ್ಲಿ ಯಾವ ಪದ್ಧತಿ ಜಾರಿಯಲ್ಲಿದೆ ಎಂದು ಹೇಳುವ ಒಂದು ಬಿಟ್ ಸೇರಿತು, ಮತ್ತು ಎಮ್ಯುಲೇಟರ್ ಪ್ರತಿಯೊಂದು ನ್ಯಾನ್ ಅನ್ನು ವರ್ಗೀಕರಿಸುವ ಮುನ್ನ ಆ ಬಿಟ್ ಅನ್ನು ನೋಡಬೇಕಾಯಿತು. ಒಂದೇ 64 ಬಿಟ್‌ಗಳ ಬೆಲೆ ಒಂದು ಪ್ರೋಗ್ರಾಮ್‌ನಲ್ಲಿ ಮೌನವಾಗಿ ಹಾದುಹೋಗಿ, ಇನ್ನೊಂದರಲ್ಲಿ ದೋಷದ ಗುರುತನ್ನು ಎತ್ತಬೇಕು, ಎರಡೂ ಸರಿಯೇ.

ಗುರುತು ಎತ್ತುವುದು ಎಂದರೂ ಅಲ್ಲಿ ಎರಡು ಹಂತಗಳಿವೆ. ಪ್ರೋಗ್ರಾಮ್ ಅಸಿಂಧು ಕ್ರಿಯೆಗೆ ಟ್ರ್ಯಾಪ್ ಬೇಡವೆಂದು ಬಿಟ್ಟಿದ್ದರೆ, ಕರ್ನೆಲ್ ಗುರುತನ್ನು ಎತ್ತಿ, ಉತ್ತರವನ್ನೂ ಬರೆದು ಮುಂದುವರಿಯುತ್ತದೆ. ಟ್ರ್ಯಾಪ್ ಬೇಕೆಂದು ಕೇಳಿದ್ದರೆ, ಉತ್ತರವನ್ನು ಬರೆಯಕೂಡದು. ಹಳೆಯ ಉತ್ತರದ ಬಿಟ್ ಇದ್ದಂತೆಯೇ ಇರಬೇಕು, ಮತ್ತು ಪ್ರೋಗ್ರಾಮಿಗೆ ಫ್ಲೋಟಿಂಗ್ ಪಾಯಿಂಟ್ ದೋಷದ ಸಿಗ್ನಲ್ ತಲುಪಬೇಕು. ಆ ಸಿಗ್ನಲ್ ಹಿಡಿದ ಪ್ರೋಗ್ರಾಮ್ ಹಿಂದಿನ ಸ್ಥಿತಿಯನ್ನು ಪರಿಶೀಲಿಸುವಾಗ, ಕರ್ನೆಲ್ ಅಕಾಲದಲ್ಲಿ ಬರೆದ ಉತ್ತರ ಅಲ್ಲಿ ಕಂಡರೆ ಅನುಕರಣೆ ಕೆಟ್ಟಂತೆಯೇ ಸರಿ.

ಡಿನಾರ್ಮಲ್ ಸಂಖ್ಯೆಗಳ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಘಾತಾಂಕ ಅತಿ ಕೆಳಗಿನ ಮಟ್ಟಕ್ಕೆ ಇಳಿದ ಮೇಲೆ ಸಂಖ್ಯೆಗಳು ಥಟ್ಟನೆ ಸೊನ್ನೆಯಾಗದೆ ಹಂತಹಂತವಾಗಿ ಕ್ಷೀಣಿಸಲೆಂದು ಮಾನಕ ಅವುಗಳನ್ನು ಇಟ್ಟಿದೆ. ಅವು ಇರುವುದರಿಂದಲೇ ಎರಡು ಸಂಖ್ಯೆಗಳು ಬೇರೆಯಾಗಿದ್ದರೆ ಅವುಗಳ ವ್ಯತ್ಯಾಸ ಸೊನ್ನೆಯಾಗುವುದಿಲ್ಲ ಎಂಬ ಭರವಸೆ ಸಿಗುತ್ತದೆ. ಆದರೆ ವೇಗಕ್ಕಾಗಿ ಅವುಗಳನ್ನು ಸೊನ್ನೆಯೆಂದೇ ಎಣಿಸುವ ಒಂದು ಸ್ಥಿತಿಯನ್ನು ಮಿಪ್ಸ್‌ನಲ್ಲಿ ಪ್ರೋಗ್ರಾಮ್ ಆರಿಸಿಕೊಳ್ಳಬಹುದು. ಆಗ ಎಮ್ಯುಲೇಟರ್ ಹೋಲಿಸುವ ಮುನ್ನವೇ ಡಿನಾರ್ಮಲ್ ಸಂಖ್ಯೆಯ ಬದಲು ಅದೇ ಚಿಹ್ನೆಯ ಸೊನ್ನೆಯನ್ನು ಇಡುತ್ತದೆ. ಹೀಗೆ ಇಡುವ ಕೋಡ್ ಕೂಡುವುದಕ್ಕೂ ಗುಣಿಸುವುದಕ್ಕೂ ಹೋಲಿಸುವುದಕ್ಕೂ ಒಂದೇ. ಬೆಲೆ ಬದಲಾದದ್ದರಿಂದ ಅದು "ನಿಖರವಲ್ಲ" ಎಂಬ ಗುರುತನ್ನೂ ಎತ್ತಿಬಿಡುತ್ತದೆ. ಹೋಲಿಕೆಯಲ್ಲಿ ಆ ಗುರುತು ಇರಕೂಡದಲ್ಲವೇ? ಅದಕ್ಕಾಗಿ ಹೋಲಿಕೆಯ ಫಂಕ್ಷನ್, ಸೊನ್ನೆ ಇಡುವ ಕೆಲಸ ಮುಗಿದ ಮೇಲೆ, ಗುರುತುಗಳನ್ನೆಲ್ಲ ಒರೆಸುತ್ತದೆ. "ನಿಖರವಲ್ಲ ಎಂಬುದನ್ನು ಕೂಡ ಇಲ್ಲಿ ಒರೆಸಿ" ಎಂಬರ್ಥದ ಟಿಪ್ಪಣಿಯೊಂದು ಆ ಸಾಲಿನ ಪಕ್ಕದಲ್ಲಿದೆ. ಒರೆಸುವ ಸಾಲನ್ನು ಎರಡು ಸಾಲು ಮೇಲಕ್ಕೆ ಸರಿಸಿದರೆ ಎಲ್ಲ ಉತ್ತರಗಳೂ ಸರಿಯಾಗಿಯೇ ಇದ್ದು, ಗುರುತು ಮಾತ್ರ ತಪ್ಪುತ್ತದೆ, ಮತ್ತು ಅದು ಯಾರ ಕಣ್ಣಿಗೂ ಬೀಳದೆ ವರ್ಷಗಟ್ಟಲೆ ಉಳಿಯಬಹುದು.

ಇನ್ನು ಉತ್ತರವನ್ನು ತಲುಪಿಸುವ ವಿಚಾರ. ಪ್ರತಿಯೊಂದು ಪ್ರೊಸೆಸರ್ ತನ್ನದೇ ಜಾಗ, ತನ್ನದೇ ಸಂಕೇತ ಇಟ್ಟುಕೊಂಡಿದೆ. ಮಿಪ್ಸ್‌ನಲ್ಲಿ ಉತ್ತರ ಒಂದೇ ಬಿಟ್. ಮೊದಲ ತಲೆಮಾರುಗಳಲ್ಲಿ ಅದು ಸ್ಥಿತಿ ರಿಜಿಸ್ಟರ್‌ನ 23ನೆಯ ಬಿಟ್‌ನಲ್ಲಿ ಕೂರುತ್ತಿತ್ತು. ಮಿಪ್ಸ್ 4ನೆಯ ಆವೃತ್ತಿಯಲ್ಲಿ ಇಂಥ ಎಂಟು ಬಿಟ್‌ಗಳಾದಾಗ ಉಳಿದ ಏಳು 25ರಿಂದ 31ರವರೆಗಿನ ಸ್ಥಾನಗಳಿಗೆ ಹೋದವು, ಏಕೆಂದರೆ 24ನೆಯ ಸ್ಥಾನವನ್ನು ಡಿನಾರ್ಮಲ್‌ಗಳನ್ನು ಸೊನ್ನೆ ಮಾಡುವ ಬಿಟ್ ಆಗಲೇ ಹಿಡಿದಿತ್ತು. ಸ್ಪಾರ್ಕ್‌ನಲ್ಲಿ ಉತ್ತರ ಎರಡು ಬಿಟ್‌ಗಳ ಸಂಖ್ಯೆ: ಸಮವಾದರೆ 0, ಚಿಕ್ಕದಾದರೆ 1, ದೊಡ್ಡದಾದರೆ 2, ಕ್ರಮವಿಲ್ಲದಿದ್ದರೆ 3. ಪವರ್‌ಪಿಸಿಯಲ್ಲಿ ನಾಲ್ಕು ಸಂಬಂಧಗಳಿಗೂ ಒಂದೊಂದು ಬಿಟ್.

ಪವರ್‌ಪಿಸಿ ಮತ್ತು ಸ್ಪಾರ್ಕ್ ಎಮ್ಯುಲೇಟರ್‌ಗಳು ಗ್ನೂ ಯೋಜನೆಯ ಸಾಫ್ಟ್-ಎಫ್‌ಪಿ ಎಂಬ ಮ್ಯಾಕ್ರೋ (ಕಂಪೈಲ್ ಮಾಡುವಾಗ ಕೋಡ್ ಆಗಿ ಬಿಚ್ಚಿಕೊಳ್ಳುವ ಸಿದ್ಧ ತುಣುಕು) ಸಂಗ್ರಹವನ್ನು ಬಳಸುತ್ತವೆ. ಅದರ ಹೋಲಿಕೆಯ ಮ್ಯಾಕ್ರೋ ಚಿಕ್ಕದಕ್ಕೆ -1, ಸಮಕ್ಕೆ 0, ದೊಡ್ಡದಕ್ಕೆ 1 ಕೊಡುತ್ತದೆ, ಆದರೆ ಕ್ರಮವಿಲ್ಲದಿದ್ದಾಗ ಏನು ಕೊಡಬೇಕೆಂಬುದನ್ನು ಕರೆಯುವವರೇ ತಿಳಿಸಬೇಕು. ಪವರ್‌ಪಿಸಿ ಎಮ್ಯುಲೇಟರ್ 2 ಎಂದು ತಿಳಿಸಿ, ಬಂದ ಉತ್ತರಕ್ಕೆ 1 ಕೂಡಿಸಿ, ನಾಲ್ಕು ನಮೂದುಗಳ ಕೋಷ್ಟಕದಲ್ಲಿ 8, 2, 4, 1 ಇವುಗಳಲ್ಲಿ ಒಂದನ್ನು ಆರಿಸುತ್ತದೆ. ಕ್ರಮ ಕೆಟ್ಟಂತೆ ಕಾಣುವ ಈ ಕೋಷ್ಟಕ ಸರಿಯಾಗಿಯೇ ಇದೆ, ಏಕೆಂದರೆ ಆ ಪ್ರೊಸೆಸರ್‌ನ ಸ್ಥಿತಿ ಕ್ಷೇತ್ರದಲ್ಲಿ ಬಿಟ್‌ಗಳು ಚಿಕ್ಕದು, ದೊಡ್ಡದು, ಸಮ, ಕ್ರಮವಿಲ್ಲದ್ದು ಎಂಬ ಕ್ರಮದಲ್ಲಿವೆ. ಸ್ಪಾರ್ಕ್ ತನ್ನ ಸಂಕೇತಕ್ಕೆ ತಕ್ಕಂತೆ 3 ಎಂದು ತಿಳಿಸುತ್ತದೆ. ಕರ್ನೆಲ್‌ನ ಹೊರಗೆ, ಪ್ರೋಗ್ರಾಮಿನ ಜೊತೆಗೇ ಸೇರಿಕೊಂಡು ಬರುವ, ಜಿಸಿಸಿ ಕಂಪೈಲರ್‌ನ ಗ್ರಂಥಾಲಯ ಇದೇ ಮ್ಯಾಕ್ರೋವನ್ನು ಬಳಸುವ ರೀತಿ ಇನ್ನೂ ಸೂಕ್ಷ್ಮ: "ಚಿಕ್ಕದು ಅಥವಾ ಸಮ" ಎಂದು ನೋಡುವ ಫಂಕ್ಷನ್ 2 ಎಂದೂ, "ದೊಡ್ಡದು ಅಥವಾ ಸಮ" ಎಂದು ನೋಡುವುದು -2 ಎಂದೂ ತಿಳಿಸುತ್ತದೆ. ಕಂಪೈಲರ್ ಮೊದಲನೆಯದರ ಉತ್ತರ ಸೊನ್ನೆಗಿಂತ ಹೆಚ್ಚಿಲ್ಲವೇ ಎಂದು, ಎರಡನೆಯದರದು ಸೊನ್ನೆಗಿಂತ ಕಡಿಮೆಯಿಲ್ಲವೇ ಎಂದು ಕೇಳುವುದರಿಂದ, ನ್ಯಾನ್ ಬಂದಾಗ ಎರಡೂ ಸುಳ್ಳಾಗುತ್ತವೆ. ಆ ಒಂದು ಚಿಹ್ನೆ ತಪ್ಪಿದ್ದರೆ ನ್ಯಾನ್ ಎಲ್ಲಕ್ಕಿಂತ ದೊಡ್ಡದಾಗಿಬಿಡುತ್ತಿತ್ತು.

ಇಂಟೆಲ್ ಬಗೆಯ ಎಕ್ಸ್86 ಪ್ರೊಸೆಸರ್‌ಗಳ ಎಮ್ಯುಲೇಟರ್ ಅನ್ನು ಆಸ್ಟ್ರೇಲಿಯಾದ ಬಿಲ್ ಮೆಟ್ಜೆಂಥೆನ್ 1990ರ ದಶಕದಲ್ಲಿ ಬರೆದರು. ಅಲ್ಲಿನ 80 ಬಿಟ್‌ಗಳ ರೂಪದಲ್ಲಿ 64 ಬಿಟ್‌ಗಳ ಅಂಕೆಭಾಗವನ್ನು 32 ಬಿಟ್‌ಗಳ ಎರಡು ತುಂಡುಗಳಾಗಿ ಇಡುತ್ತಾರೆ. ಘಾತಾಂಕಗಳು ಸಮವಾಗಿದ್ದರೆ ಮೇಲಿನ ತುಂಡುಗಳನ್ನು ಒಂದರಿಂದೊಂದು ಕಳೆದು ಚಿಹ್ನೆ ನೋಡುತ್ತಾರೆ. ಎರಡರಲ್ಲೂ ಮೇಲಿನ ಬಿಟ್ ಒಂದೇ ಆಗಿದ್ದರೆ ಮಾತ್ರ ಇದು ಸರಿ ಎಂಬ ಎಚ್ಚರಿಕೆ ಪಕ್ಕದಲ್ಲೇ ಇದೆ. ಸಾಮಾನ್ಯ ಸಂಖ್ಯೆಗಳಲ್ಲಿ ಆ ಬಿಟ್ ಯಾವಾಗಲೂ 1 ಆದ್ದರಿಂದ ವ್ಯತ್ಯಾಸ ಚಿಹ್ನೆಯುಳ್ಳ 32 ಬಿಟ್‌ಗಳೊಳಗೆ ಹಿಡಿಯುತ್ತದೆ. ಕೆಳಗಿನ ತುಂಡಿಗೆ ಅಂಥ ಖಾತ್ರಿ ಇಲ್ಲ, ಆದ್ದರಿಂದ ಅಲ್ಲಿ ಕಳೆಯುವುದನ್ನು ಬಿಟ್ಟು, ದೊಡ್ಡದೇ ಎಂದು ಒಮ್ಮೆ, ಚಿಕ್ಕದೇ ಎಂದು ಇನ್ನೊಮ್ಮೆ ಬೇರೆಯಾಗಿ ಕೇಳುತ್ತಾರೆ. ಸಿಕ್ಕ ಉತ್ತರವನ್ನು ಸ್ಥಿತಿ ಪದದ ಮೂರು ಬಿಟ್‌ಗಳಲ್ಲಿ ಬರೆಯುತ್ತಾರೆ: ದೊಡ್ಡದಾದರೆ ಮೂರೂ 0, ಕ್ರಮವಿಲ್ಲದಿದ್ದರೆ ಮೂರೂ 1. ಆ ಬಿಟ್‌ಗಳ ಸ್ಥಾನಗಳನ್ನು ಆರಿಸಿದ ರೀತಿ ಜಾಣ್ಮೆಯದು, ಏಕೆಂದರೆ ಸ್ಥಿತಿ ಪದವನ್ನು ಸಾಮಾನ್ಯ ರಿಜಿಸ್ಟರ್‌ಗೆ ತಂದು ಫ್ಲ್ಯಾಗ್‌ಗಳಿಗೆ ತುಂಬಿದಾಗ ಅವು ಕ್ಯಾರಿ, ಪ್ಯಾರಿಟಿ ಮತ್ತು ಜೀರೋ ಫ್ಲ್ಯಾಗ್‌ಗಳ ಮೇಲೆ ನೇರವಾಗಿ ಬಂದು ಕೂರುತ್ತವೆ, ಮತ್ತು ಪೂರ್ಣಾಂಕಗಳಿಗೆ ಬಳಸುವ ಕವಲು ಸೂಚನೆಗಳೇ ಇಲ್ಲಿಯೂ ನಡೆಯುತ್ತವೆ. ಕ್ರಮವಿಲ್ಲದ ಸಂದರ್ಭವನ್ನು ಬೇರೆ ಮಾಡಲು ಕಂಪೈಲರ್ ಪ್ಯಾರಿಟಿಯನ್ನು ಪರೀಕ್ಷಿಸುತ್ತದೆ.

ಉತ್ತರ ಬರೆದ ಮಾತ್ರಕ್ಕೆ ಕೆಲಸ ಮುಗಿಯುವುದೂ ಇಲ್ಲ. ಹೋಲಿಕೆಯ ಹಿಂದೆಯೇ ಸಾಮಾನ್ಯವಾಗಿ ಆ ಉತ್ತರವನ್ನು ನೋಡಿ ಕವಲೊಡೆಯುವ ಸೂಚನೆ ಬರುತ್ತದೆ, ಮತ್ತು ಮಿಪ್ಸ್‌ನಲ್ಲಿ ಅದೂ ಫ್ಲೋಟಿಂಗ್ ಪಾಯಿಂಟ್ ಘಟಕದ ಸೂಚನೆಯೇ ಆದ್ದರಿಂದ ಅದಕ್ಕೂ ಟ್ರ್ಯಾಪ್ ಬೀಳುತ್ತದೆ. ಟ್ರ್ಯಾಪ್‌ನ ವೆಚ್ಚಕ್ಕೆ ಹೋಲಿಸಿದರೆ ನಿಜವಾದ ಲೆಕ್ಕದ ವೆಚ್ಚ ಗೌಣ. ಅದಕ್ಕಾಗಿ ಎಮ್ಯುಲೇಟರ್ ಒಂದು ಸೂಚನೆ ಮುಗಿಸಿದೊಡನೆ ಹಿಂದಿರುಗದೆ, ಮುಂದಿನದನ್ನೂ ಓದಿ ನೋಡುತ್ತದೆ. ಅದು ಏನೂ ಮಾಡದ ಸೂಚನೆಯಾದರೆ ದಾಟುತ್ತದೆ, ಫ್ಲೋಟಿಂಗ್ ಪಾಯಿಂಟ್ ಆದರೆ ಅದನ್ನೂ ಮುಗಿಸುತ್ತದೆ, ತನ್ನದಲ್ಲದ್ದು ಬಂದಾಗ ಮಾತ್ರ ನಿಲ್ಲುತ್ತದೆ. ನಿಲ್ಲುವಾಗ ಒಳಗಿನ ಕೋಡ್ "ಅಕ್ರಮ ಸೂಚನೆ" ಎಂದು ವರದಿ ಮಾಡುತ್ತದೆ, ಆದರೆ ಅಷ್ಟರಲ್ಲಿ ಒಂದಾದರೂ ಸೂಚನೆ ಮುಂದೆ ಸಾಗಿದ್ದರೆ ಆ ವರದಿಯನ್ನು ಕೈಬಿಡುತ್ತಾರೆ.

ಮಿಪ್ಸ್‌ನಲ್ಲಿ ಕವಲಿನ ನಂತರದ ಒಂದು ಸೂಚನೆ, ಕವಲು ತೆಗೆದುಕೊಳ್ಳುವ ಮುನ್ನವೇ ನಡೆಯಬೇಕು. ಅದರ ಜಾಗಕ್ಕೆ ಡಿಲೇ ಸ್ಲಾಟ್ ಎಂದು ಹೆಸರು. ಕವಲನ್ನು ಕರ್ನೆಲ್ ಅನುಕರಿಸಿದ ಮೇಲೆ ಆ ಸೂಚನೆಯನ್ನು ನಡೆಸುವವರು ಯಾರು? ಅದು ಮೆಮೊರಿಯಿಂದ ಓದುವ ಸಾಮಾನ್ಯ ಸೂಚನೆಯಾಗಿದ್ದರೆ, ಅದನ್ನೂ ಅನುಕರಿಸುವುದೆಂದರೆ ಇಡೀ ಪ್ರೊಸೆಸರ್ ಅನ್ನೇ ಅನುಕರಿಸಿದಂತೆ. ಲಿನಕ್ಸ್ ಕಂಡುಕೊಂಡ ದಾರಿಯೆಂದರೆ, ಆ ಸೂಚನೆಯ ಪ್ರತಿಯನ್ನು ಪ್ರೋಗ್ರಾಮಿನ ಮೆಮೊರಿಯಲ್ಲೇ ಬೇರೊಂದು ಜಾಗದಲ್ಲಿ ಇಟ್ಟು, ಅದರ ಪಕ್ಕದಲ್ಲಿ ಖಚಿತವಾಗಿ ಟ್ರ್ಯಾಪ್ ಆಗುವ ಸೂಚನೆಯೊಂದನ್ನು ಇಟ್ಟು, ಅಲ್ಲಿಂದ ಓಡಲು ಬಿಡುವುದು. ಪ್ರತಿ ನಡೆದು ಟ್ರ್ಯಾಪ್ ಬಿದ್ದಾಗ ಕರ್ನೆಲ್ ಪ್ರೋಗ್ರಾಮನ್ನು ಕವಲಿನ ಗುರಿಗೆ ಕಳುಹಿಸುತ್ತದೆ. ಬಹುಕಾಲ ಆ ಜಾಗ, ಪ್ರೋಗ್ರಾಮ್ ತನ್ನ ತಾತ್ಕಾಲಿಕ ಬೆಲೆಗಳನ್ನು ಇಡುವ ಸ್ಟ್ಯಾಕ್ ಆಗಿತ್ತು, ಅಂದರೆ ಸ್ಟ್ಯಾಕ್‌ನಲ್ಲಿ ಕೋಡ್ ಓಡಲು ಅನುಮತಿ ಇರಲೇಬೇಕಿತ್ತು, ಅದು ಭದ್ರತೆಗೆ ಒಳ್ಳೆಯದಲ್ಲ. 2016ರಲ್ಲಿ ಅದನ್ನು ಸ್ಟ್ಯಾಕ್‌ನಿಂದ ತೆಗೆದು ಪ್ರತ್ಯೇಕ ಪುಟವೊಂದಕ್ಕೆ ಸ್ಥಳಾಂತರಿಸಿದರು. ಎರಡು ಸಂಖ್ಯೆಗಳಲ್ಲಿ ಚಿಕ್ಕದು ಯಾವುದು ಎಂಬ ಪ್ರಶ್ನೆ ಸ್ಟ್ಯಾಕ್‌ನ ಭದ್ರತೆಯವರೆಗೆ ಹೋಗಿ ಮುಟ್ಟುವುದನ್ನು ಇಲ್ಲಿ ಕಾಣುತ್ತೇವೆ. ಮಿಪ್ಸ್‌ನ 6ನೆಯ ಬಿಡುಗಡೆಯಲ್ಲಿ ಸ್ಥಿತಿ ಬಿಟ್‌ಗಳನ್ನೇ ಕೈಬಿಟ್ಟು, ಹೋಲಿಕೆಯ ಉತ್ತರವನ್ನು ಎಲ್ಲ 1 ಅಥವಾ ಎಲ್ಲ 0 ಆಗಿ ಫ್ಲೋಟಿಂಗ್ ಪಾಯಿಂಟ್ ರಿಜಿಸ್ಟರ್‌ನಲ್ಲೇ ಬರೆಯುವ ಹೊಸ ಸೂಚನೆ ತಂದರು; ಎಮ್ಯುಲೇಟರ್ ಈಗ ಎರಡನ್ನೂ ಬಲ್ಲದು.

ಇಷ್ಟೆಲ್ಲವನ್ನು ಪರೀಕ್ಷಿಸುವುದು ಹೇಗೆ? 32 ಬಿಟ್‌ಗಳ ಎರಡು ಸಂಖ್ಯೆಗಳ ಎಲ್ಲ ಜೋಡಿಗಳನ್ನು ನೋಡುವುದು ಅಸಾಧ್ಯ, ಆದರೆ ಮಿಪ್ಸ್ ಎಮ್ಯುಲೇಟರ್ ಸಂಖ್ಯೆಗಳನ್ನು ಆರೇ ವರ್ಗಗಳಾಗಿ ವಿಂಗಡಿಸುತ್ತದೆ: ಸಾಮಾನ್ಯ, ಸೊನ್ನೆ, ಡಿನಾರ್ಮಲ್, ಅನಂತ, ಸಿಗ್ನಲಿಂಗ್ ನ್ಯಾನ್, ಕ್ವೈಟ್ ನ್ಯಾನ್. ಚಿಹ್ನೆ ಸೇರಿ ಅವು ಹನ್ನೆರಡು, ಜೋಡಿಗಳು 144, ಹದಿನಾರು ಪ್ರಶ್ನೆಗಳೊಂದಿಗೆ 2,304, ಡಿನಾರ್ಮಲ್‌ಗಳನ್ನು ಸೊನ್ನೆ ಮಾಡುವ ಸ್ಥಿತಿ ಇದ್ದಾಗ ಒಮ್ಮೆ ಇಲ್ಲದಾಗ ಒಮ್ಮೆ ಓಡಿಸಿದರೆ 4,608. ಇದು ಯಾವ ಯಂತ್ರಕ್ಕೂ ಕ್ಷಣಮಾತ್ರದ ಕೆಲಸ. ವರ್ಗದೊಳಗಿನ ಬೆಲೆಗಳಿಗೆ, ಮುಖ್ಯವಾಗಿ ಒಂದೇ ಬಿಟ್‌ನಷ್ಟು ಅಂತರವಿರುವ ನೆರೆಯ ಸಂಖ್ಯೆಗಳಿಗೆ, ಜಾನ್ ಹೌಸರ್ ಅವರ ಟೆಸ್ಟ್‌ಫ್ಲೋಟ್ ಎಂಬ ಪರೀಕ್ಷಾ ಪ್ರೋಗ್ರಾಮ್ ಇದೆ. ಅದು ಯಂತ್ರದ ಉತ್ತರವನ್ನು ಅವರದೇ ಸಾಫ್ಟ್‌ಫ್ಲೋಟ್ ಎಂಬ ಪೂರ್ಣಾಂಕ ಲೆಕ್ಕದ ಉತ್ತರದೊಂದಿಗೆ ಇಟ್ಟು ನೋಡುತ್ತದೆ. ಪ್ರತಿ ಬಾರಿಯೂ ಉತ್ತರದ ಬಿಟ್ ಜೊತೆಗೆ ಗುರುತುಗಳನ್ನೂ ಹೋಲಿಸಬೇಕು, ಮತ್ತು ಅಸಿಂಧು ಕ್ರಿಯೆಗೆ ಟ್ರ್ಯಾಪ್ ಬೇಕೆಂದು ಕೇಳಿದ ಸ್ಥಿತಿಯಲ್ಲಿ ಇಡೀ ಪರೀಕ್ಷೆಯನ್ನು ಮತ್ತೊಮ್ಮೆ ಓಡಿಸಿ, ಸಿಗ್ನಲ್ ಬಂದಾಗ ಹಳೆಯ ಉತ್ತರ ಹಾಗೆಯೇ ಉಳಿದಿದೆಯೇ ಎಂದು ನೋಡಬೇಕು.